ಎಡಗಡೆಯ ಪುಟ

ಚಿಂತಲವಾರಿಪಲ್ಲಿ, ರಾಯಲ್ಪಾಡು ಅಂಚೆ,
ಶ್ರೀನಿವಾಸಪುರ ತಾಲ್ಲೂಕು
18 ಜನವರಿ 2025

ಮಾನ್ಯ ಕೋದಂಡರಾಮಪ್ಪನವರಿಗೆ,

ವಂದನೆಗಳು. ನಾನು ಇಲ್ಲಿನ ಪದವಿ ಪೂರ್ವ ಕಾಲೇಜಿನ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಡಿಸೆಂಬರ್ ಹನ್ನೊಂದರಂದು ನೀವು ಗುಣಮಟ್ಟ ಪರಿಶೀಲನಾ ಸಮಿತಿಯಿಂದ ಬಂದಾಗ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದವಳು ನಾನೇ. ನೀವು ಲ್ಯಾಬಿನಲ್ಲಿ ಇದ್ದದ್ದು ಒಂಬತ್ತು ನಿಮಿಷ. ದೂರು ಎಂದು ಹೇಳುತ್ತಿಲ್ಲ, ಹೆದರಿಕೆಯಿಂದ ಗಡಿಯಾರ ನೋಡುತ್ತಿದ್ದೆ ಅಷ್ಟೇ.

ನಿನ್ನೆ ವರದಿಯ ಪ್ರತಿ ಬಂತು. ನಮ್ಮಲ್ಲಿರುವ ಆರು ಜನ ಉಪನ್ಯಾಸಕರಲ್ಲಿ ಐವರಿಗೆ ‘ಉತ್ತಮ’ ಎಂದಿದೆ. ನನ್ನ ಹೆಸರಿನ ಮುಂದೆ ಹೀಗಿದೆ: ‘ಪಾಠ ವಿದ್ಯಾರ್ಥಿಗಳಿಗೆ ತಲುಪುತ್ತಿಲ್ಲ. ವಿದ್ಯಾರ್ಥಿಗಳೇ ಬರೆದಿಟ್ಟಿರುವ “ಅರ್ಥವಾಗಲಿಲ್ಲ” ಎಂಬ ಪುಸ್ತಕದಲ್ಲಿ 312 ದೂರುಗಳಿವೆ. ಉದಾಹರಣೆಗೆ ಮೊದಲನೆಯದು: “ಬೆಳಕು ಅಲೆಯೂ ಹೌದು, ಕಣವೂ ಹೌದು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.” ಬೋಧನೆ ಸುಧಾರಿಸಬೇಕು.’

ನಮ್ಮ ಪ್ರಿನ್ಸಿಪಾಲ್ ಆವಲಪ್ಪನವರು ಕರೆದು, “ರಿಪೋರ್ಟ್ ಹಿಂಗೆ ಬಂದ್ರೆ ಮುಂದಿನ ವರ್ಷ ನಿಮ್ಮ ಹೆಸರು ಹೆಂಗಮ್ಮಾ ಕಳಿಸ್ಲಿ ನಾನು?” ಎಂದರು. ಅವರು ಕೆಟ್ಟವರಲ್ಲ. ಅತಿಥಿ ಉಪನ್ಯಾಸಕರ ಆದೇಶ ಮಾರ್ಚ್‌ಗೆ ಮುಗಿಯುತ್ತದೆ, ಪ್ರತಿ ವರ್ಷ ಕಾಲೇಜಿನಿಂದ ಹೊಸದಾಗಿ ಹೆಸರು ಹೋಗಬೇಕು. ಏಳು ವರ್ಷದಿಂದ ಹೋಗುತ್ತಿದೆ. ಈ ಸಲ ಹೋಗದಿದ್ದರೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ.

ವರದಿ ಬದಲಾಯಿಸಿ ಎಂದು ಕೇಳುತ್ತಿಲ್ಲ. ನಿಮ್ಮ ಫೋನ್ ನಂಬರನ್ನು ಯಾರೂ ಕೊಡಲಿಲ್ಲ, ವಿಳಾಸ ವರದಿಯ ಕೆಳಗೇ ಇತ್ತು. ಒಂದೇ ಒಂದು ವಿಷಯ ತಿಳಿಯಬೇಕು. ಆ ಪುಸ್ತಕದಲ್ಲಿ ನೀವು ಯಾವ ಪುಟಗಳನ್ನು ಓದಿದಿರಿ?

ಇಂತು,
ಆಶಾರಾಣಿ

*

ಮಾಲೂರು
27 ಜನವರಿ 2025

ಶ್ರೀಮತಿ ಆಶಾರಾಣಿಯವರಿಗೆ,

ಪರಿಶೀಲನೆಗೆ ಒಳಗಾದವರು ಪರಿಶೀಲಿಸಿದವರಿಗೆ ಪತ್ರ ಬರೆಯುವ ಪದ್ಧತಿ ಇಲ್ಲ. ಆದರೂ ನಿಮ್ಮ ಅಕ್ಷರ ದುಂಡಾಗಿದೆ, ಒಂದೂ ಕಾಗುಣಿತದ ತಪ್ಪಿಲ್ಲ. ಅದೊಂದು ಕಾರಣಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಾವು ದಿನಕ್ಕೆ ಮೂರು ಕಾಲೇಜು ನೋಡಬೇಕು. ಪ್ರತಿ ಕಾಲೇಜಿಗೆ ನಲವತ್ತೆರಡು ಕಾಲಂನ ನಮೂನೆ, ಕುಡಿಯುವ ನೀರಿನಿಂದ ಹಿಡಿದು ಪಾಠ ಟಿಪ್ಪಣಿಯವರೆಗೆ. ಒಂಬತ್ತು ನಿಮಿಷ ಎಂದು ಲೆಕ್ಕ ಇಟ್ಟಿದ್ದೀರಿ. ಮೂವತ್ತನಾಲ್ಕು ವರ್ಷ ಕೆಮಿಸ್ಟ್ರಿ ಪಾಠ ಮಾಡಿ, ಸಾವಿರಾರು ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ರುಜು ಹಾಕಿದ ಕೈ ಇದು. ಒಂದು ಪುಸ್ತಕ ನೋಡಲು ನನಗೆ ಎರಡು ನಿಮಿಷ ಧಾರಾಳವಾಯಿತು.

ನೀವು ಕೇಳಿದ್ದಕ್ಕೆ ಉತ್ತರ: ಎಲ್ಲ ಪುಟಗಳನ್ನೂ ತಿರುವಿದ್ದೇನೆ. ಇದ್ದದ್ದನ್ನೇ ಬರೆದಿದ್ದೇನೆ. ನನ್ನ ಕ್ಲಾಸಿನಲ್ಲಿ ಪಾಠ ಮುಗಿಸಿ “ಅರ್ಥ ಆಯ್ತೇನ್ರಪ್ಪಾ?” ಎಂದರೆ ಎಪ್ಪತ್ತು ಜನ ಒಂದೇ ದನಿಯಲ್ಲಿ “ಆಯ್ತು ಸಾರ್” ಎನ್ನುತ್ತಿದ್ದರು. ಒಂದು ವರ್ಷವೂ ಫಲಿತಾಂಶ ಶೇಕಡಾ ಎಂಬತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಮುನ್ನೂರ ಹನ್ನೆರಡು ಸಲ ‘ಅರ್ಥವಾಗಲಿಲ್ಲ’ ಎಂದು ಬರೆಸಿಕೊಂಡ ಉಪನ್ಯಾಸಕರಿಗೆ ‘ಉತ್ತಮ’ ಎಂದು ಬರೆಯಲು ನನ್ನ ಪೆನ್ನು ಏಳುವುದಿಲ್ಲ.

ಒಂದು ಮಾತು ಮಾತ್ರ ನನಗೆ ಬಗೆಹರಿದಿಲ್ಲ. ತಮ್ಮ ವಿರುದ್ಧ ತಾವೇ ಸಾಕ್ಷಿ ಕೂಡಿಸಿಡುವವರನ್ನು ನಾನು ಕಂಡದ್ದು ಇದೇ ಮೊದಲು. ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದರೆ ನಿಮಗೂ ‘ಉತ್ತಮ’ ಸಿಗುತ್ತಿತ್ತು. ಮೇಜಿನ ಮೇಲೆ ಯಾಕೆ ಇಟ್ಟಿರಿ?

ಕೋದಂಡರಾಮಪ್ಪ

*

ಚಿಂತಲವಾರಿಪಲ್ಲಿ
6 ಫೆಬ್ರವರಿ 2025

ಮಾನ್ಯರೇ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಬಿಟ್ಟು ಮತ್ತೆ ಓದಿದೆ. ಕೊನೆಯ ಪ್ರಶ್ನೆಯನ್ನು ನೀವು ನಿಜವಾಗಿಯೂ ಕೇಳಿದ್ದೀರಿ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಮನೆಗಳಲ್ಲಿ ತೆಲುಗು. ಹಿರಿಯರು ಏನಾದರೂ ಹೇಳಿ “ಅರ್ಥಮಯಿಂದಾ?” ಎಂದರೆ “ಅಯಿಂದಿ” ಎನ್ನಬೇಕು. ಇಲ್ಲ ಎಂದರೆ ಎದುರು ಮಾತಾಡಿದ ಹಾಗೆ. ನಾನೂ ಹಾಗೇ ಬೆಳೆದವಳು. ಮೊದಲ ವರ್ಷ ನಾನು ಕೇಳಿದಾಗಲೆಲ್ಲ ಇಡೀ ಕ್ಲಾಸು “ಆಯ್ತು ಮೇಡಂ” ಎಂದಿತು. ಕಿರುಪರೀಕ್ಷೆಯಲ್ಲಿ ಇಪ್ಪತ್ತಾರು ಉತ್ತರ ಪತ್ರಿಕೆಗಳಲ್ಲಿ ಹತ್ತೊಂಬತ್ತು ಬಿಳಿಯಾಗಿ ವಾಪಸು ಬಂದವು. ಅವರು ನನಗೆ ಸುಳ್ಳು ಹೇಳಿರಲಿಲ್ಲ, ಮರ್ಯಾದೆ ಕೊಟ್ಟಿದ್ದರು.

ಬಾಯಲ್ಲಿ ಹೇಳಲಾರದ್ದನ್ನು ಬರೆಯಲಿ ಎಂದು ಮಿಕ್ಕಿದ್ದ ಒಂದು ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವನ್ನು ಲ್ಯಾಬಿನ ಮೇಜಿನ ಮೇಲಿಟ್ಟೆ. ಹೆಸರು ಬರೆಯಬೇಕಿಲ್ಲ. ಗೆರೆ ಇರುವ ಬಲಗಡೆಯ ಪುಟದಲ್ಲಿ ಅರ್ಥವಾಗದ್ದನ್ನು ಕ್ರಮಸಂಖ್ಯೆ ಹಾಕಿ ಪೆನ್ನಿನಲ್ಲಿ ಬರೆಯುತ್ತಾರೆ. ಗೆರೆಯಿಲ್ಲದ ಎಡಗಡೆಯ ಪುಟದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಉತ್ತರ ಬರೆಯುತ್ತೇನೆ, ಚಿತ್ರ ಹಾಕುತ್ತೇನೆ. ಅಷ್ಟಕ್ಕೂ ತಿಳಿಯದಿದ್ದರೆ ಅಳಿಸಿ ಬೇರೆ ರೀತಿ ಬರೆಯುತ್ತೇನೆ. ಕೆಲವು ಪುಟ ಅಳಿಸಿ ಅಳಿಸಿ ತೂತಾಗಿವೆ. ಗೊತ್ತಾದ ದಿನ ಆ ಮಕ್ಕಳೇ ಎಡಗಡೆ ತಾರೀಖು ಹಾಕುತ್ತಾರೆ. ಮುನ್ನೂರ ಹನ್ನೆರಡರಲ್ಲಿ ಮುನ್ನೂರ ಮೂರಕ್ಕೆ ತಾರೀಖು ಬಿದ್ದಿದೆ, ಒಂಬತ್ತು ಬಾಕಿ.

ಬೀರುವಿನಲ್ಲಿ ಯಾಕೆ ಇಡಲಿಲ್ಲ ಎಂದರೆ, ಆ ದಿನ ಬೆಳಿಗ್ಗೆ ಯಾರೋ ಒಬ್ಬರು ಬರೆಯುತ್ತಿದ್ದರು. ಇನ್ಸ್‌ಪೆಕ್ಷನ್ ಇದೆ, ಮುಚ್ಚಿಡು ಎಂದು ಹೇಳಿದ್ದರೆ ಮರುದಿನದಿಂದ ಆ ಪುಸ್ತಕದಲ್ಲಿ ಯಾರೂ ಏನೂ ಬರೆಯುತ್ತಿರಲಿಲ್ಲ.

ಇಂತು,
ಆಶಾರಾಣಿ

*

ಮಾಲೂರು
13 ಫೆಬ್ರವರಿ 2025

ಆಶಾರಾಣಿ ಮೇಡಂ ಅವರಿಗೆ,

ನಾನು ಎಡಗಡೆಯ ಪುಟ ನೋಡಲಿಲ್ಲ.

ಅಲ್ಲಿ ಏನೋ ಪೆನ್ಸಿಲ್ಲಿನ ಗೀಟು ಇದ್ದದ್ದು ಕಣ್ಣಿಗೆ ಬಿದ್ದಿತ್ತು. ಕಣ್ಣು ಮಂಜು ಎಂದು ಹೇಳಿ ಜಾರಿಕೊಳ್ಳಬಹುದು, ಆದರೆ ಕಣ್ಣು ಚೆನ್ನಾಗಿಯೇ ಇದೆ. ಅಭ್ಯಾಸ ಅಷ್ಟೇ. ಮೂವತ್ತನಾಲ್ಕು ವರ್ಷ ರೆಕಾರ್ಡುಗಳಲ್ಲಿ ನಾನು ಓದಿದ್ದು ಬಲಗಡೆ, ರುಜು ಹಾಕಿದ್ದು ಬಲಗಡೆ. ಎಡಗಡೆ ಅಂದರೆ ಮಕ್ಕಳು ಸ್ಕೇಲಿಟ್ಟು ಬೀಕರಿನ ಚಿತ್ರ ಬರೆಯುವ ಜಾಗ, ಅದನ್ನು ಯಾವ ಮೇಷ್ಟ್ರೂ ಓದುವುದಿಲ್ಲ. ನಿಮ್ಮ ಪುಸ್ತಕಕ್ಕೆ ರೆಕಾರ್ಡಿನ ರಟ್ಟು ಇತ್ತು, ನನ್ನ ಕೈ ತನ್ನ ಪಾಡಿಗೆ ತಾನು ಬಲಗಡೆಗಳನ್ನು ಎಣಿಸಿಕೊಂಡು ಹೋಯಿತು. ನಿಮ್ಮ ಕಾಗದ ಬಂದು ನಾಲ್ಕು ದಿನ ಆಯಿತು. ನಾಚಿಕೆಯಿಂದ ಉತ್ತರ ಬರೆಯಲಾಗಲಿಲ್ಲ.

ಕೋಲಾರದ ಇಲಾಖಾ ಕಚೇರಿಗೆ ಹೋಗಿ ಸರಿಪಡಿಸುತ್ತೇನೆ. ಅದಕ್ಕೆ ಪುಸ್ತಕ ನೋಡಬೇಕಲ್ಲ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಡುತ್ತೀರಾ?

ಇನ್ನೊಂದು ಮಾತು. ಆ ಮೊದಲ ಪುಟದ ಮಗು, ಬೆಳಕಿನ ಬಗ್ಗೆ ಕೇಳಿದ್ದು, ಅದು ಯಾರು? ಪಿಯುಸಿಯಲ್ಲಿ ಅಂಥ ಪ್ರಶ್ನೆ ಏಳುವುದು ಸಣ್ಣ ವಿಷಯವಲ್ಲ. ಆ ಮಗುವನ್ನು ಬಿಎಸ್ಸಿಗೆ ಸೇರಿಸದೆ ಮದುವೆ ಮಾಡಿಬಿಟ್ಟಾರು, ಸ್ವಲ್ಪ ನೋಡಿಕೊಳ್ಳಿ.

ಕೋದಂಡರಾಮಪ್ಪ

*

ಚಿಂತಲವಾರಿಪಲ್ಲಿ
22 ಫೆಬ್ರವರಿ 2025

ಸಾರ್,

ನಿಮ್ಮ ಮೊದಲ ಸಾಲನ್ನು ನಾನು ನಾಲ್ಕು ಸಲ ಓದಿದೆ. ನನ್ನ ಏಳು ವರ್ಷದ ನೌಕರಿಯಲ್ಲಿ ಮೇಲಿನವರು ಯಾರೂ ಹೀಗೆ ಬರೆದದ್ದಿಲ್ಲ.

ಪುಸ್ತಕ ಕಳಿಸಲಾರೆ, ಕ್ಷಮಿಸಿ. ಮುಂದಿನ ವಾರ ಪರೀಕ್ಷೆ, ಈಗಲೇ ಅದಕ್ಕೆ ಹೆಚ್ಚು ಕೆಲಸ. ಬದಲಿಗೆ ಕೆಲವನ್ನು ನಕಲು ಮಾಡಿದ್ದೇನೆ.

‘ಲಾರಿ ಬ್ರೇಕ್ ಹಾಕಿದ್ರೆ ಟೊಮೆಟೊ ಕ್ರೇಟ್ ಮುಂದಕ್ಕೆ ಜಾರುತ್ತೆ, ಅದು ಜಡತ್ವ. ಮೇಲಿನ ಕ್ರೇಟೇ ಮೊದಲು ಬೀಳೋದು ಯಾಕೆ, ಕೆಳಗಿಂದು ಯಾಕಲ್ಲ?’

‘ಒಂದು ಫೇಸ್ ಹೋದ್ರೆ ಬೋರ್‌ವೆಲ್ ಮೋಟರ್ ಸುಟ್ಟೋಗುತ್ತೆ. ಕರೆಂಟ್ ಕಮ್ಮಿ ಆದಾಗ ಸುಡೋದು ಹೆಂಗೆ?’ ಇದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. ರಾಯಲ್ಪಾಡಿನಲ್ಲಿ ಮೋಟರ್ ವೈಂಡಿಂಗ್ ಮಾಡುವವರ ಅಂಗಡಿಯಲ್ಲಿ ಒಂದು ಶನಿವಾರ ಕೂತು ಕಲಿತು ಬಂದೆ.

‘ವಿದ್ಯುತ್ ವಿಭವ ಅಂದ್ರೆ ಏನು ಅಂತ ಬರೆಯೋಕೆ ಬರುತ್ತೆ. ಏನು ಅಂತ ಗೊತ್ತಿಲ್ಲ.’

‘ಮೇಡಂ “ಇದು ಸುಲಭ” ಅಂದಾಗಲೆಲ್ಲ ನನಗೆ ಭಯ ಆಗುತ್ತೆ.’ ಇದನ್ನು ಓದಿದ ಮೇಲೆ ಕ್ಲಾಸಿನಲ್ಲಿ ಆ ಮಾತನ್ನು ಬಿಟ್ಟುಬಿಟ್ಟೆ. ಎಡಗಡೆ ಬರೆಯುವುದಕ್ಕೆ ಬೇರೆ ಏನೂ ತೋಚಲಿಲ್ಲ, ‘ಇನ್ನು ಹೇಳುವುದಿಲ್ಲ’ ಎಂದು ಬರೆದೆ. ಮೂರು ವಾರ ಕಾದು ನೋಡಿ ಆಮೇಲೆ ತಾರೀಖು ಹಾಕಿದ್ದಾರೆ.

ಇನ್ನು ಮೊದಲ ಪುಟದ ಮಗು. ಸಾರ್, ಅದು ನಾನೇ. ಪುಸ್ತಕ ಇಟ್ಟು ಒಂದು ತಿಂಗಳಾದರೂ ಯಾರೂ ಬರೆಯಲಿಲ್ಲ. ಮೇಡಂಗೇ ಅರ್ಥವಾಗದ್ದು ಇದೆ ಎಂದು ಗೊತ್ತಾದರೆ ಬರೆದಾರು ಎಂದು ನಾನು ಬರೆದು ಕ್ಲಾಸಿನಲ್ಲಿ ಓದಿದೆ. ಅದು ನಾಟಕಕ್ಕೆ ಬರೆದದ್ದಲ್ಲ. ಎಂಎಸ್ಸಿ ಮಾಡಿದ್ದೇನೆ, ಲೆಕ್ಕ ಬಿಡಿಸುತ್ತೇನೆ, ಆದರೆ ಅದು ನನಗೆ ಇವತ್ತಿಗೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಬಾಕಿ ಇರುವ ಒಂಬತ್ತರಲ್ಲಿ ಅದೂ ಒಂದು. ಮಾರನೇ ದಿನ ಬಲಗಡೆ ಪುಟದಲ್ಲಿ ಏಳು ಪ್ರಶ್ನೆ ಇದ್ದವು.

ಇದು ಕಚೇರಿಗೆ ಗೊತ್ತಾಗಬಾರದು. ಅರ್ಥವಾಗದ್ದನ್ನು ಪಾಠ ಮಾಡುವವಳು ಎಂಬ ಹೆಸರು ಬಂದರೆ ನಿಮ್ಮ ತಿದ್ದುಪಡಿಯಿಂದಲೂ ಏನೂ ಪ್ರಯೋಜನವಿಲ್ಲ. ನಿಮ್ಮನ್ನು ನಂಬಿ ಬರೆದಿದ್ದೇನೆ.

ಇಂತು,
ಆಶಾರಾಣಿ

*

ಮಾಲೂರು
12 ಮಾರ್ಚ್ 2025

ಅಮ್ಮಾ ಆಶಾರಾಣಿ,

ಇನ್ನು ಮೇಡಂ ಗೀಡಂ ಎಲ್ಲ ಬೇಡ. ನನ್ನ ಮಗಳಿಗಿಂತ ಚಿಕ್ಕವರಿರಬೇಕು ನೀವು, ಆದರೆ ಈ ಎರಡು ತಿಂಗಳಲ್ಲಿ ನನಗೆ ಮೇಷ್ಟ್ರಾಗಿದ್ದೀರಿ.

ಕೋಲಾರಕ್ಕೆ ಮೂರು ಸಲ ಹೋದೆ. ಮೊದಲ ಸಲ ಗಂಗಾಧರ್ ಎಂಬ ಗುಮಾಸ್ತರು, “ಪೋರ್ಟಲ್ ಕ್ಲೋಸ್ ಆಗಿದೆ ಸಾರ್, ರಿಪೋರ್ಟ್ ಲಾಕು” ಎಂದರು. “ಸರಿ ಕಣಪ್ಪ, ಪೋರ್ಟಲ್ಲಿಗೆ ಬೀಗ, ಪೇಪರಿಗೇನು ಬೀಗ ಇಲ್ಲವಲ್ಲ” ಎಂದೆ. ಎರಡನೆಯ ಸಲ, “ತಪ್ಪು ಕಾಲೇಜಿಂದು ಅಂತ ಬರ್ಕೊಡಿ ಸಾರ್, ಅದಕ್ಕೆ ಫಾರಂ ಇದೆ. ಸಮಿತಿ ತಪ್ಪು ಅನ್ನೋಕೆ ಫಾರಂ ಇಲ್ಲ” ಎಂದರು. ಮೂರನೆಯ ಸಲ ಬಿಳಿ ಹಾಳೆಯಲ್ಲಿ ನಾನೇ ಎರಡು ಪುಟ ಬರೆದುಕೊಂಡು ಹೋಗಿ ಮೊಹರು ಹಾಕಿಸಿಕೊಂಡೆ. ‘ನಾನು ಬಲಗಡೆಯ ಪುಟಗಳನ್ನು ಮಾತ್ರ ಓದಿ ಅಭಿಪ್ರಾಯ ಬರೆದೆ. ಅದು ನನ್ನ ತಪ್ಪು’ ಎಂದು ಮೊದಲ ಸಾಲು. ಮೊದಲ ಪುಟದ ಬಗ್ಗೆ ‘ಅದು ವಿದ್ಯಾರ್ಥಿಯ ಬರಹವಲ್ಲ’ ಎಂದಷ್ಟೇ ಹೇಳಿದ್ದೇನೆ. ಯಾರದೆಂದು ಕೇಳಿದರು, ಹೇಳಲಿಲ್ಲ.

ಅಕ್ಷರ ದುಂಡಾಗಿದೆ ಎಂದು ನಿಮಗೆ ಬರೆದವನು ನಾನೇ, ಅದೇ ಅಕ್ಷರವನ್ನು ಮೊದಲೇ ಪುಸ್ತಕದಲ್ಲಿ ಕಂಡಿದ್ದರೂ ಗುರುತು ಸಿಗಲಿಲ್ಲ ನೋಡಿ.

ನಿಮ್ಮಂತೆ ನಾನೂ ಒಂದು ಹೇಳಿಬಿಡುತ್ತೇನೆ. ಎಪ್ಪತ್ತು ಜನ “ಆಯ್ತು ಸಾರ್” ಎನ್ನುತ್ತಿದ್ದರು ಎಂದು ಹೆಮ್ಮೆಯಿಂದ ಬರೆದಿದ್ದೆ. ಕಣಗಳನ್ನು ಲೆಕ್ಕ ಹಾಕುವ ಮೋಲ್ ಎಂಬ ಪರಿಕಲ್ಪನೆಯನ್ನು ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿ ಒಬ್ಬ, ಈಗ ಮಾಲೂರಿನಲ್ಲೇ ಔಷಧಿ ಅಂಗಡಿ ಇಟ್ಟಿದ್ದಾನೆ, ಹಾರ ಹಾಕಿ ನಗುತ್ತಾ, “ಸಾರ್, ಆ ಮೋಲ್ ಮಾತ್ರ ಕೊನೇವರ್ಗೂ ನಮ್ಗೆ ಯಾರ್ಗೂ ತಿಳೀಲೇ ಇಲ್ಲ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮುಳ್ಳು ಮುರಿದ ಹಾಗಾಯಿತು. ಎಂಟು ವರ್ಷದಿಂದ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೊಂದು ಅಂಥ ಪುಸ್ತಕ ಇಡಲು ಹೊಳೆಯಲಿಲ್ಲ, ಹೊಳೆದಿದ್ದರೂ ಧೈರ್ಯ ಇರುತ್ತಿರಲಿಲ್ಲ. ನಿಮ್ಮನ್ನು ಕಂಡರೆ ನನಗೆ ಗೌರವ ಎಂದು ಬರೆಯಲು ಸಂಕೋಚವಿಲ್ಲ.

ನಿಮ್ಮ ಕಾಲೇಜಿಗಾಗಿ ಇನ್ನೊಂದು ಕೆಲಸವನ್ನೂ ಮಾಡಿ ಬಂದಿದ್ದೇನೆ. ಅದು ಆಗುವವರೆಗೆ ಹೇಳುವುದಿಲ್ಲ.

ನಿಮ್ಮ,
ಕೋದಂಡರಾಮಪ್ಪ

*

ಚಿಂತಲವಾರಿಪಲ್ಲಿ
19 ಏಪ್ರಿಲ್ 2025

ಸಾರ್,

ಮೊನ್ನೆ ಕಚೇರಿಯಿಂದ ಪತ್ರ ಬಂತು. ‘ಬೋಧನೆ ಸುಧಾರಿಸಬೇಕು’ ಎಂಬ ಷರಾ ಹಿಂಪಡೆದಿದ್ದಾರೆ. ಆವಲಪ್ಪನವರು ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, “ನಾನ್ ಮೊದ್ಲೇ ಹೇಳಿರ್ಲಿಲ್ವಾ, ಆಶಾ ಮೇಡಂ ಚೆನ್ನಾಗಿ ಪಾಠ ಮಾಡ್ತಾರೆ ಅಂತ” ಎಂದರು. ಯಾವತ್ತೂ ಹೇಳಿರಲಿಲ್ಲ. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ಮುಂದಿನ ವರ್ಷಕ್ಕೆ ನನ್ನ ಹೆಸರು ಹಾಕಿ ಕಳಿಸಿದ್ದಾರೆ. ಆ ದಿನ ಮನೆಗೆ ಹೋಗಿ ಹೋಳಿಗೆ ಮಾಡಿದೆ.

ಫಲಿತಾಂಶವೂ ಬಂತು. ಭೌತಶಾಸ್ತ್ರದಲ್ಲಿ ಇಪ್ಪತ್ತಮೂರು ಜನರಲ್ಲಿ ಹದಿನೇಳು ಪಾಸು. ನಿಮ್ಮ ಎಂಬತ್ತಕ್ಕೆ ಇನ್ನೂ ಮುಟ್ಟಿಲ್ಲ. ಕಲಿಕೆ ಕಡಿಮೆ ಇರುವವರನ್ನು ಮೊದಲ ವರ್ಷದಲ್ಲೇ ನಿಲ್ಲಿಸಿಬಿಟ್ಟರೆ ನೂರಕ್ಕೆ ನೂರು ತೋರಿಸಬಹುದು, ಕೆಲವು ಕಡೆ ಹಾಗೇ ಮಾಡುತ್ತಾರೆ. ನನಗೆ ಅದಾಗಲಿಲ್ಲ. ಉಳಿದ ಆರು ಜನ ಎರಡನೇ ಪರೀಕ್ಷೆ ಬರೆಯುತ್ತಿದ್ದಾರೆ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮ ಮನೆಯ ಜಗಲಿಯಲ್ಲೇ ಪಾಠ. ಆಮೇಲೆ ಅವರೆಲ್ಲ ಮಾವಿನ ಕಾಯಿ ಕೀಳುವುದಕ್ಕೆ ತೋಟಗಳಿಗೆ ಹೋಗುತ್ತಾರೆ. ಗಂಗಾಲಕ್ಷ್ಮಿ ಎಂಬ ಹುಡುಗಿ ಕೈಯಲ್ಲಿ ಮಾವಿನ ಸೊನೆಯ ಸುಟ್ಟ ಗಾಯ ಇಟ್ಟುಕೊಂಡು ಮಸೂರದ ಲೆಕ್ಕ ಬಿಡಿಸುತ್ತಾಳೆ.

ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಅದೇನು ಆ ಇನ್ನೊಂದು ಕೆಲಸ?

ನಿಮ್ಮ,
ಆಶಾರಾಣಿ

*

ಮಾಲೂರು
28 ಏಪ್ರಿಲ್ 2025

ಅಮ್ಮಾ ಆಶಾರಾಣಿ,

ಹದಿನೇಳು. ನನ್ನ ಎಂಬತ್ತನ್ನು ಹಿಡಿದುಕೊಂಡು ಅಣಕಿಸಬೇಡಿ, ಆ ಎಂಬತ್ತರಲ್ಲಿ ಮೋಲ್ ತಿಳಿದವರು ಎಷ್ಟು ಜನ ಎಂದು ನಮಗಿಬ್ಬರಿಗೂ ಗೊತ್ತು.

ಈಗ ಹೇಳುತ್ತೇನೆ, ಕೆಲಸ ಆಗುವ ಹಾಗಿದೆ. ಆ ಎರಡು ಪುಟದ ಜೊತೆ ಮೂರನೆಯದೊಂದು ಪುಟ ಕೊಟ್ಟಿದ್ದೆ. ‘ಇಷ್ಟು ಚೆನ್ನಾಗಿ ನಡೆಯುತ್ತಿರುವ ವಿಜ್ಞಾನ ವಿಭಾಗಕ್ಕೆ ಏಳು ವರ್ಷದಿಂದ ಕಾಯಂ ಭೌತಶಾಸ್ತ್ರ ಉಪನ್ಯಾಸಕರಿಲ್ಲ. ಇದು ಗುಣಮಟ್ಟದ ದೊಡ್ಡ ಕೊರತೆ. ಕೂಡಲೇ ಭರ್ತಿ ಮಾಡಬೇಕು’ ಎಂದು. ಗಂಗಾಧರ್ ಫೋನ್ ಮಾಡಿ, “ನಿಮ್ಮ ಪೇಪರ್ ಮೇಲೆ ಸಾಹೇಬ್ರು ಟಿಕ್ ಹಾಕಿದ್ದಾರೆ ಸಾರ್, ಈ ವರ್ಗಾವಣೇಲೇ ಆಗುತ್ತೆ” ಎಂದರು. ಇನ್ನು ಒಬ್ಬರೇ ಹೊರೆ ಹೊರಬೇಕಾಗಿಲ್ಲ. ಹೊಸಬರಿಗೆ ನೀವು ದಾರಿ ತೋರಿಸಿ, ಇಬ್ಬರೂ ಸೇರಿ ನಡೆಸಿ. ನನಗೆ ಬಹಳ ಸಂತೋಷವಾಗಿದೆ.

ನಿಮ್ಮ,
ಕೋದಂಡರಾಮಪ್ಪ

*

ಮಾಲೂರು
7 ಜೂನ್ 2025

ಅಮ್ಮಾ,

ಏಪ್ರಿಲ್‌ನಿಂದ ನಿಮ್ಮ ಕಾಗದವಿಲ್ಲ. ಮಾವಿನ ಸುಗ್ಗಿ, ಪರೀಕ್ಷೆಯ ಗಡಿಬಿಡಿ ಎಂದುಕೊಂಡು ಸುಮ್ಮನಿದ್ದೆ. ನಿನ್ನೆ ತಡೆಯಲಾರದೆ ಆವಲಪ್ಪನವರ ನಂಬರ್ ಹುಡುಕಿ ಮಾತಾಡಿದೆ. “ಶಿವಕುಮಾರ್ ಅಂತ ಪರ್ಮನೆಂಟ್ ಲೆಕ್ಚರರ್ ಬಂದು ರಿಪೋರ್ಟ್ ಮಾಡ್ಕೊಂಡ್ರು ಸಾರ್. ಆ ಪೋಸ್ಟ್ ತುಂಬಿದ್ಮೇಲೆ ಗೆಸ್ಟ್ ಹೆಂಗೆ ಇಟ್ಕೊಳ್ಳೋಕಾಗುತ್ತೆ? ಆಶಾ ಮೇಡಂ ಹೆಸರು ಬಿಟ್ಟೋಯ್ತು” ಎಂದರು.

ಒಂದು ಹುದ್ದೆಗೆ ಒಬ್ಬರೇ ಎಂಬುದು ನನಗೆ ಹೊಳೆಯಲಿಲ್ಲ. ಇಪ್ಪತ್ತಾರನೇ ವಯಸ್ಸಿಗೆ ಕಾಯಂ ಆದವನು ನಾನು. ಅತಿಥಿ ಎಂದರೆ ಕಾಯಂ ಇಲ್ಲದ ಜಾಗದಲ್ಲಿ ಮಾತ್ರ ಇರುವವರು ಎಂಬುದನ್ನು ಒಂದು ದಿನವೂ ಯೋಚಿಸಿದವನಲ್ಲ. ಸೇವೆಯ ಕೊನೆಯ ಎಂಟು ವರ್ಷ ಪ್ರಿನ್ಸಿಪಾಲನೂ ಆಗಿ ಎಷ್ಟೋ ಜನರ ಹೆಸರು ಬಿಟ್ಟು ಪಟ್ಟಿ ಕಳಿಸಿದ್ದೇನೆ, ಅವರು ಎಲ್ಲಿ ಹೋದರು ಎಂದು ಕೇಳಿಲ್ಲ. ಮೊದಲ ಸಲ ನಿಮಗೆ ಕೆಟ್ಟದ್ದು ಮಾಡಿದಾಗ ಅಸಡ್ಡೆಯಿಂದ ಮಾಡಿದೆ. ಎರಡನೆಯ ಸಲ ಪ್ರೀತಿಯಿಂದ ಮಾಡಿದೆ. ಎರಡನೆಯದೇ ಹೆಚ್ಚು ಕೆಲಸ ಮಾಡಿತು.

ಇಲ್ಲಿ ಒಂದು ಖಾಸಗಿ ಕಾಲೇಜಿನವರು ನನ್ನ ಮಾತು ಕೇಳುತ್ತಾರೆ. ಬರುತ್ತೇನೆ ಎಂದರೆ ಈ ವಾರವೇ ಹೇಳುತ್ತೇನೆ. ನನ್ನನ್ನು ಬೈದಾದರೂ ಒಂದು ಸಾಲು ಬರೆಯಿರಿ.

ಕೋದಂಡರಾಮಪ್ಪ

*

ಚಿಂತಲವಾರಿಪಲ್ಲಿ
14 ಜೂನ್ 2025

ಸಾರ್,

ನಿಮ್ಮ ಏಪ್ರಿಲ್ ಪತ್ರ ಓದಿದ ದಿನವೇ ನನಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಉತ್ತರ ಬರೆಯಬಾರದು ಎಂದು ತೀರ್ಮಾನ ಮಾಡಿದೆ. ನಿಮ್ಮ ಸ್ವಭಾವ ಇಷ್ಟರಲ್ಲಿ ನನಗೆ ಗೊತ್ತಾಗಿತ್ತು. ಒಂದು ಸಾಲು ಬರೆದಿದ್ದರೂ ಮಾರನೇ ದಿನದ ಬಸ್ಸಿಗೇ ಕೋಲಾರಕ್ಕೆ ಹೋಗಿ ಆ ಮೂರನೇ ಪುಟ ವಾಪಸು ತೆಗೆದುಕೊಳ್ಳುತ್ತಿದ್ದಿರಿ. ಆದೇಶ ಆಗುವವರೆಗೆ ನೀವು ಮಾಲೂರಿನಲ್ಲೇ ಸಂತೋಷವಾಗಿ ಇರಬೇಕಿತ್ತು. ಅದಕ್ಕೆ ನನ್ನನ್ನು ಕ್ಷಮಿಸಿ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಕಾಯಂ ಭೌತಶಾಸ್ತ್ರ ಉಪನ್ಯಾಸಕರು ಬೇಕು ಎಂದು ನಮ್ಮ ಕಾಲೇಜಿನಿಂದ ಪ್ರತಿ ಸೆಪ್ಟೆಂಬರಿನಲ್ಲಿ ಒಂದು ಅರ್ಜಿ ಹೋಗುತ್ತದೆ. ಆವಲಪ್ಪನವರು ರುಜು ಮಾಡುತ್ತಾರೆ, ಬರೆಯುವವಳು ನಾನು. ಏಳು ವರ್ಷ ಏಳು ಅರ್ಜಿ. ಆ ಹುದ್ದೆ ತುಂಬಿದರೆ ನಾನು ಹೋಗಬೇಕು ಎಂದು ಗೊತ್ತಿದ್ದೇ ಬರೆದೆ. ಅತಿಥಿಗಳ ಆದೇಶ ಬರುವುದು ಆಗಸ್ಟ್‌ಗೆ. ಜೂನ್, ಜುಲೈ ಎರಡು ತಿಂಗಳು ಇಲ್ಲಿನ ಮಕ್ಕಳು ಫಿಸಿಕ್ಸ್ ಪೀರಿಯಡ್ಡಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಎಷ್ಟೋ ಜನ ಅಷ್ಟರಲ್ಲೇ ಬೇಸತ್ತು ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುತ್ತಾರೆ. ನನ್ನ ಏಳು ಅರ್ಜಿಗಳಿಗೆ ಆಗದ್ದು ನಿಮ್ಮ ಒಂದು ಪುಟಕ್ಕೆ ಆಯಿತು. ಅದನ್ನು ತಪ್ಪು ಎಂದು ಬರೆಯಬೇಡಿ.

ಮಾಲೂರಿನ ಕಾಲೇಜು ಬೇಡ ಸಾರ್. ನಂಗಲಿ ಕಡೆ ಒಂದು ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಯಾರೂ ಇಲ್ಲವಂತೆ, ಅಲ್ಲಿಗೆ ಅರ್ಜಿ ಹಾಕಿದ್ದೇನೆ. ಸಿಗುತ್ತದೋ ಇಲ್ಲವೋ ಆಗಸ್ಟ್‌ಗೆ ಗೊತ್ತಾಗುತ್ತದೆ. ಸಿಕ್ಕಿದರೆ ಎರಡು ಬಸ್ಸು ಬದಲಾಯಿಸಬೇಕು, ಹೋಗುತ್ತೇನೆ. ಅಲ್ಲಿಂದಲೂ ಸೆಪ್ಟೆಂಬರಿನಲ್ಲಿ ಅರ್ಜಿ ಬರೆಯುತ್ತೇನೆ.

ಶಿವಕುಮಾರ್ ಅವರಿನ್ನೂ ಚಿಕ್ಕವರು, ತೆಲುಗು ಒಂದಕ್ಷರವೂ ಬರುವುದಿಲ್ಲ, ಮಕ್ಕಳು ತೆಲುಗಿನಲ್ಲಿ ಪಿಸುಗುಟ್ಟಿದರೆ ಬೆಪ್ಪಾಗುತ್ತಾರಂತೆ. ಕಲಿಯುತ್ತಾರೆ. ಕಾಲೇಜು ತೆರೆದ ದಿನ ಅಲ್ಲಿ ನನಗೇನೂ ಕೆಲಸ ಇರಲಿಲ್ಲ, ಮನೆಯಲ್ಲೇ ಇದ್ದೆ. ಮಧ್ಯಾಹ್ನ ಗಂಗಾಲಕ್ಷ್ಮಿಯ ತಂಗಿ ಫೋನ್ ಮಾಡಿದಳು, ಈ ವರ್ಷ ಮೊದಲ ಪಿಯುಸಿಗೆ ಸೇರಿದ್ದಾಳೆ. “ಮೇಡಂ, ಇವತ್ತೇ ಫಿಸಿಕ್ಸ್ ಕ್ಲಾಸ್ ಆಯ್ತು” ಎಂದಳು. ಸಾರ್, ಅದು ಜೂನ್ ಎರಡನೇ ತಾರೀಖು.

ನಿಮ್ಮ,
ಆಶಾರಾಣಿ